ಬ್ಯಾಕಪ್ ಇತ್ತು, ಪರಿಶೀಲನೆ ಇರಲಿಲ್ಲ

ಬೋಧನಾಭ್ಯಾಸಕ್ಕೆ ಹೋದ ಶಾಲೆಯ ಲ್ಯಾಬಿನಲ್ಲಿ ಉಬುಂಟು ಇದ್ದ ಒಂದು ಕಂಪ್ಯೂಟರ್ ಲಾಗಿನ್ ಪರದೆಗೇ ಬರುತ್ತಿರಲಿಲ್ಲ. ಒಂಬತ್ತನೆಯ ತರಗತಿಯ ವಿಜ್ಞಾನ ಪ್ರಾಜೆಕ್ಟ್‌ಗಳೆಲ್ಲ ಅದರಲ್ಲೇ ಇದ್ದವು. ಉಬುಂಟುವನ್ನು ಮತ್ತೆ ಇನ್‌ಸ್ಟಾಲ್ ಮಾಡುವುದನ್ನೇ ಪಾಠವಾಗಿ ಆಯ್ದುಕೊಂಡೆ.

ಪೆನ್‌ಡ್ರೈವ್‌ನಿಂದ ಲೈವ್ ಉಬುಂಟು ತೆರೆದು ಡಿಸ್ಕಿನ ಎರಡು ಪಾರ್ಟಿಷನ್‌ಗಳನ್ನು ತೋರಿಸಿದೆ: ರೂಟ್‌ನಲ್ಲಿ ಸಿಸ್ಟಂ, ಹೋಮ್‌ನಲ್ಲಿ ಮಕ್ಕಳ ಫೈಲುಗಳು. (ಹೋಮ್ ಬೇರೆಯಾಗಿ ಇಲ್ಲದ ಕಂಪ್ಯೂಟರಿಗೆ ಈ ಪಾಠ ಹೀಗೆಯೇ ಹೊಂದದು.) ಫೈಲುಗಳನ್ನು ಇನ್ನೊಂದು ಪೆನ್‌ಡ್ರೈವ್‌ಗೆ ನಕಲಿಸಿ ಮುಂದಿನ ಹಂತಕ್ಕೆ ಹೊರಟಾಗ ಹಿಂದಿನ ಬೆಂಚಿನ ಹುಡುಗಿಯೊಬ್ಬಳು, "ಎಲ್ಲಾ ಬಂದಿದೆಯಾ ಸರ್?" ಎಂದಳು. ತೆರೆದು ನೋಡಿದರೆ ಜಾಗ ಸಾಲದೆ ಎರಡು ಫೋಲ್ಡರ್ ಉಳಿದೇ ಹೋಗಿದ್ದವು. ನನ್ನ ಪಾಠಯೋಜನೆಯಲ್ಲಿ 'ಬ್ಯಾಕಪ್' ಎಂದಿತ್ತು, 'ಪರಿಶೀಲನೆ' ಎಂದಿರಲಿಲ್ಲ.

ಮತ್ತೆ ನಕಲಿಸುವಷ್ಟರಲ್ಲಿ 15 ನಿಮಿಷ ಕಳೆಯಿತು. ಬಳಿಕ ಪಾರ್ಟಿಷನ್‌ಗಳನ್ನು ನಾವೇ ಆರಿಸುವ ಆಯ್ಕೆಗೆ ಹೋಗಿ ರೂಟ್‌ಗೆ ಮಾತ್ರ ಫಾರ್ಮ್ಯಾಟ್ ಟಿಕ್ ಹಾಕಿದೆವು. ಹೋಮ್‌ಗೆ ಅದರ ಮೌಂಟ್ ಪಾಯಿಂಟ್ ಕೊಟ್ಟು, ಟಿಕ್ ಹಾಕದೆ ಬಿಟ್ಟೆವು. ಬಳಕೆದಾರರ ಹೆಸರು ಹಳೆಯದೇ.

ಮುಗಿಯುವ ಮೊದಲೇ ಗಂಟೆ ಹೊಡೆಯಿತು. ಮೌಲ್ಯಮಾಪನದ ಪ್ರಶ್ನೆಗಳು ಚೀಟಿಯಲ್ಲೇ ಉಳಿದವು. ಆದರೂ ಮಕ್ಕಳು ಕದಲಲಿಲ್ಲ. ಲಾಗಿನ್ ಆದಾಗ ಫೋಲ್ಡರ್‌ಗಳೆಲ್ಲ ಇದ್ದವು; ಜಿಯೋಜಿಬ್ರಾ ಮಾತ್ರ ಕಾಣಲಿಲ್ಲ. ಏಕೆಂದು ಕೇಳಿದೆ.

"ಅದು ರೂಟ್‌ನಲ್ಲಿತ್ತಲ್ಲ ಸರ್" ಎಂದಳು ಅದೇ ಹುಡುಗಿ.