ಸುಡಾನಿನ ನಿರಾಶ್ರಿತರಿಗೆ ನಿಧಿ: ಹಣ ನಿಮ್ಮ ಖಾತೆಗೆ ಬರುವುದು ಬೇಡ

ಯುದ್ಧದ ಸುದ್ದಿ ನೋಡಿ ಮನಸ್ಸು ತಡೆಯದೆ ಏನಾದರೂ ಮಾಡಬೇಕೆಂದು ಹೊರಟವರು ಮೊದಲು ವಾಟ್ಸ್‌ಆ್ಯಪ್ ಗುಂಪು ಕಟ್ಟುತ್ತಾರೆ. ಮರುಗಳಿಗೆಯೇ ಅದರಲ್ಲಿ ತಮ್ಮ ಫೋನಿನ ಕ್ಯೂಆರ್ ಕೋಡ್ ಹಾಕಿಬಿಡುತ್ತಾರೆ. ಗುಂಪು ಕಟ್ಟಲು ಅಡ್ಡಿಯಿಲ್ಲ. ಕ್ಯೂಆರ್ ಕೋಡ್ ಮಾತ್ರ ಬೇಡ. ಯಾಕೆ ಬೇಡ, ಅದಿಲ್ಲದೆ ಹಣ ಸೇರಿಸುವುದು ಹೇಗೆ ಎಂಬುದೇ ಇಲ್ಲಿ ಹೇಳಬೇಕಾದ ಮುಖ್ಯ ಸಂಗತಿ.

ಸುಡಾನ್ ನಮಗೆ ತೀರಾ ಅಪರಿಚಿತ ದೇಶವಲ್ಲ. 2023ರ ಏಪ್ರಿಲ್ 15ರಂದು ಅಲ್ಲಿನ ಸೇನೆಗೂ ಆರ್‌ಎಸ್‌ಎಫ್ ಎಂಬ ಅರೆಸೇನಾ ಪಡೆಗೂ ಕಾಳಗ ಶುರುವಾದಾಗ, ಗಿಡಮೂಲಿಕೆ ಎಣ್ಣೆ ಮಾರಲು ಹೋಗಿದ್ದ ಕರ್ನಾಟಕದ ಹಕ್ಕಿಪಿಕ್ಕಿ ಸಮುದಾಯದವರು ಪಶ್ಚಿಮದ ಅಲ್ ಫಾಶಿರ್ ನಗರದಲ್ಲಿ ಸಿಕ್ಕಿಬಿದ್ದಿದ್ದರು. ಕೇಂದ್ರ ಸರ್ಕಾರ ‘ಆಪರೇಷನ್ ಕಾವೇರಿ’ ನಡೆಸಿ ಪೋರ್ಟ್ ಸುಡಾನಿನಿಂದ ಜೆಡ್ಡಾ ಮಾರ್ಗವಾಗಿ ಭಾರತೀಯರನ್ನು ಕರೆತಂದಿತು. ನಮ್ಮವರು ಊರು ಸೇರಿದ ಮೇಲೆ ಆ ಸುದ್ದಿ ನಮ್ಮ ಪತ್ರಿಕೆಗಳ ಒಳಪುಟಕ್ಕೆ ಸರಿಯಿತು. ಅಲ್ಲಿ ಉಳಿದವರ ಪಾಡು ಇದು: ಒಂದು ಕೋಟಿಗೂ ಹೆಚ್ಚು ಜನ ಮನೆ ತೊರೆಯಬೇಕಾಯಿತು, ಅವರಲ್ಲಿ ನಲವತ್ತು ಲಕ್ಷಕ್ಕೂ ಹೆಚ್ಚು ಮಂದಿ ಗಡಿ ದಾಟಿ ಚಾಡ್, ಈಜಿಪ್ಟ್, ದಕ್ಷಿಣ ಸುಡಾನ್ ಸೇರಿದರು. ಅದೇ ಅಲ್ ಫಾಶಿರ್ ಒಂದೂವರೆ ವರ್ಷದ ಮುತ್ತಿಗೆಯ ನಂತರ 2025ರ ಅಕ್ಟೋಬರ್‌ನಲ್ಲಿ ಆರ್‌ಎಸ್‌ಎಫ್ ಕೈವಶವಾಯಿತು. ಬದುಕುಳಿದವರಲ್ಲಿ ಹಲವರು ನಡೆದುಕೊಂಡೇ ತವೀಲಾ ಎಂಬ ಊರು ಮುಟ್ಟಿದರು.

ಯಾರಿಗೆ ಎಂಬುದು ಮೊದಲು ಗೊತ್ತಾಗಲಿ

‘ಸುಡಾನಿಗೆ ಸಹಾಯ’ ಎಂದು ಕೇಳಿದರೆ ಜನ ಅಯ್ಯೋ ಪಾಪ ಎಂದು ಮುಂದೆ ಹೋಗುತ್ತಾರೆ. ಚಾಡ್ ಗಡಿಯ ಶಿಬಿರದಲ್ಲಿರುವ ಕುಟುಂಬಗಳಿಗೋ, ಸುಡಾನಿನ ಒಳಗೇ ಊರೂರು ಅಲೆಯುತ್ತಿರುವವರಿಗೋ, ನಮ್ಮಲ್ಲೇ ಓದುತ್ತಿರುವ ಅವರ ಮಕ್ಕಳಿಗೋ? ಒಂದನ್ನು ಆರಿಸಿಕೊಳ್ಳಿ. ಮೂರಕ್ಕೂ ಹಣದ ದಾರಿ ಬೇರೆ ಬೇರೆ.

ದೇಶದ ಒಳಗಿನವರ ಹೊಟ್ಟೆ ನೋಡಿಕೊಂಡದ್ದು ಬಹುಮಟ್ಟಿಗೆ ಅಲ್ಲಿನ ಬೀದಿಬೀದಿಯ ಯುವಕ ಯುವತಿಯರು. ‘ಎಮರ್ಜೆನ್ಸಿ ರೆಸ್ಪಾನ್ಸ್ ರೂಮ್ಸ್’ ಎಂದು ಕರೆಸಿಕೊಳ್ಳುವ ಈ ಸ್ವಯಂಸೇವಕರ ಜಾಲಕ್ಕೆ 2025ರಲ್ಲಿ ರೈಟ್ ಲೈವ್ಲಿಹುಡ್ ಪ್ರಶಸ್ತಿ ಬಂತು. ಇವರು ನಡೆಸುವ ಸಾಮೂಹಿಕ ಅಡುಗೆಮನೆಗಳಲ್ಲಿ ಬೇಯುವುದು ಬೇಳೆ, ಅವರೆ ಜಾತಿಯ ಕಾಳು, ಮತ್ತು ಜೋಳದ ಹಿಟ್ಟಿನ ಅಸೀದಾ. ಅಸೀದಾ ಎಂದರೆ ಹೆಚ್ಚುಕಡಿಮೆ ನಮ್ಮ ಮುದ್ದೆಯೇ. ಸುಡಾನಿನ ಬಡವರ ಧಾನ್ಯ ಜೋಳ. ವಿಜಯಪುರ, ಕಲಬುರಗಿಯವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಅಲ್ ಫಾಶಿರ್ ಮುತ್ತಿಗೆಯಲ್ಲಿ ಆ ಜೋಳವೂ ಸಿಗದೆ, ಗಾಣದಲ್ಲಿ ಎಣ್ಣೆ ತೆಗೆದ ಮೇಲೆ ದನಗಳಿಗೆ ಹಾಕುವ ಶೇಂಗಾ ಹಿಂಡಿಯನ್ನು ಜನ ತಿಂದರು. ಇಂಥ ಅಡುಗೆಮನೆಗಳಿಗೆ ಹಣ ಹೋಗುವುದು ಬಹಳಷ್ಟು ಸಲ ಖಾರ್ಟೂಮ್ ಬ್ಯಾಂಕಿನ ‘ಬಂಕಕ್’ ಎಂಬ ಮೊಬೈಲ್ ಆ್ಯಪ್ ಮೂಲಕ. ಅದನ್ನು ನೋಟಾಗಿ ಮಾಡಿಕೊಳ್ಳಲು ಹೋದರೆ ವ್ಯಾಪಾರಿಗಳು ಕಮಿಷನ್ ಮುರಿದುಕೊಳ್ಳುತ್ತಾರೆ; ನೆಟ್‌ವರ್ಕ್ ಕಡಿದರೆ ಅದೂ ಇಲ್ಲ.

ಇಷ್ಟೆಲ್ಲ ಹೇಳಿದ್ದು, ಅಲ್ಲಿಗೆ ಬೇಕಿರುವುದು ಹಣ; ಹಳೆ ಬಟ್ಟೆ, ಬಿಸ್ಕತ್ತು, ಕಂಬಳಿ ಕೂಡಿಹಾಕುವ ಯೋಚನೆ ಇದ್ದರೆ ಬಿಟ್ಟುಬಿಡಿ ಎಂದು. 2004ರ ಸುನಾಮಿಯಾದಾಗ ನಾಗಪಟ್ಟಣದ ಕಡೆ ರಸ್ತೆ ಬದಿ ಹಳೆ ಬಟ್ಟೆಯ ರಾಶಿ ಬಿದ್ದು, ತೊಡುವವರಿಲ್ಲದೆ, ಎತ್ತಿಸುವುದೇ ಆಡಳಿತಕ್ಕೆ ಕೆಲಸವಾಗಿತ್ತು. ಅದು ನಮ್ಮ ಪಕ್ಕದ ರಾಜ್ಯದ ಕತೆ. ಇನ್ನು ಹಡಗು, ಸುಂಕ, ಲಾರಿ ಎಲ್ಲ ದಾಟಿ ಆಫ್ರಿಕಾದ ಮರುಭೂಮಿ ಸೇರಬೇಕಾದ ಕಂಬಳಿಗೆ ಕಂಬಳಿಗಿಂತ ಸಾಗಣೆಯೇ ದುಬಾರಿ.

ದಾರಿ ಆಮೇಲೆ ಹುಡುಕುವುದಲ್ಲ

ಈಗ ಕ್ಯೂಆರ್ ಕೋಡಿನ ವಿಷಯ. ನಿಮ್ಮ ಉಳಿತಾಯ ಖಾತೆಗೆ ಬಂಧುಗಳಲ್ಲದವರಿಂದ ಒಂದು ಆರ್ಥಿಕ ವರ್ಷದಲ್ಲಿ ₹50,000 ಮೀರಿ ಹಣ ಬಂದರೆ, ಆದಾಯ ತೆರಿಗೆಯವರು ಅದಷ್ಟನ್ನೂ ನಿಮ್ಮ ಆದಾಯವೆಂದೇ ಎಣಿಸಬಹುದು. ‘ನಾನು ಬರೀ ಕೈ ದಾಟಿಸಿದವನು ಸ್ವಾಮಿ’ ಎಂದು ವಾದಿಸಬಹುದು, ಆದರೆ ಕಾಗದಪತ್ರ ಹೊಂದಿಸುವ ತಾಪತ್ರಯ ನಿಮ್ಮದೇ. ಆ ಹಣವನ್ನು ಹೊರದೇಶಕ್ಕೆ ಕಳಿಸಲು ಬ್ಯಾಂಕಿಗೆ ಹೋದರೆ ಇನ್ನೊಂದು ತೊಡಕು. ಭಾರತದ ನಿವಾಸಿಯೊಬ್ಬರು ವರ್ಷಕ್ಕೆ 2.5 ಲಕ್ಷ ಡಾಲರ್‌ವರೆಗೆ ಹೊರಗೆ ಕಳಿಸಲು ರಿಸರ್ವ್ ಬ್ಯಾಂಕಿನ ಯೋಜನೆಯಲ್ಲಿ ಅವಕಾಶವಿದೆ, ದೇಣಿಗೆಯೂ ಅದರಲ್ಲಿ ಸೇರುತ್ತದೆ. ಆದರೆ ಅದು ಅವರವರ ಸ್ವಂತ ಹಣಕ್ಕೆ. ಹೊರದೇಶಕ್ಕೆ ಹಣ ಕಳಿಸಲು ಬ್ಯಾಂಕಿನಲ್ಲಿ ತುಂಬುವ ಎ2 ಅರ್ಜಿಯಲ್ಲಿ ಹಣದ ಮೂಲದ ಘೋಷಣೆಗೆ ಸಹಿ ಹಾಕುವಾಗ, ಬಡಾವಣೆಯ ಎಂಬತ್ತು ಮನೆಯಿಂದ ಬಂದದ್ದನ್ನು ‘ನನ್ನದು’ ಎಂದು ಬರೆಯುವುದು ಹೇಗೆ?

ಹಾಗಾದರೆ ಊರಿನ ಟ್ರಸ್ಟ್ ಅಥವಾ ಸಂಘದ ಖಾತೆ ಬಳಸೋಣ ಎನ್ನುತ್ತೀರಿ. ಅಲ್ಲೂ ಗಂಟಿದೆ. ತೆರಿಗೆ ವಿನಾಯಿತಿ ಪಡೆಯುವ ಟ್ರಸ್ಟ್ ತನ್ನ ಹಣವನ್ನು ದೇಶದ ಹೊರಗಿನ ಕೆಲಸಕ್ಕೆ ಖರ್ಚು ಮಾಡಿ ಅದಕ್ಕೂ ವಿನಾಯಿತಿ ಬೇಕೆಂದರೆ ನೇರ ತೆರಿಗೆ ಮಂಡಳಿಯ ಪ್ರತ್ಯೇಕ ಅನುಮತಿ ಬೇಕು. ಗಣೇಶೋತ್ಸವ ಸಮಿತಿಯೋ ಮಹಿಳಾ ಮಂಡಳವೋ ಇದಕ್ಕೆ ಕೈಹಾಕದಿರುವುದೇ ಒಳ್ಳೆಯದು.

ಉಳಿದ ದಾರಿ ನೇರವಾಗಿದೆ: ಕೊಡುವವರು ಪ್ರತಿಯೊಬ್ಬರೂ ಸಂಸ್ಥೆಗೇ ಕಟ್ಟಬೇಕು. ನೀವು ಕೇಳುವವರು, ಲೆಕ್ಕ ಇಡುವವರು, ಅಷ್ಟೇ. ವಿಶ್ವಸಂಸ್ಥೆಯ ನಿರಾಶ್ರಿತರ ಸಂಸ್ಥೆ ಯುಎನ್‌ಎಚ್‌ಸಿಆರ್ ಭಾರತದಲ್ಲಿಯೇ ದೇಣಿಗೆ ಪಡೆಯುತ್ತದೆ. ಯಾವ ಸಂಸ್ಥೆಯಾದರೂ ಸರಿ, ಆಯ್ಕೆ ಮಾಡುವ ಮೊದಲು ಇಮೇಲ್ ಬರೆದು ಕೇಳಿ: ನಮ್ಮ ಹಣ ಸುಡಾನಿನ ನಿರಾಶ್ರಿತರಿಗೇ ಮೀಸಲಾಗುತ್ತದೆಯೇ, ಸಾಮಾನ್ಯ ನಿಧಿಗೆ ಹೋಗುತ್ತದೆಯೇ? 80ಜಿ ಎಂದು ನಾವೆಲ್ಲ ಕರೆಯುವ ತೆರಿಗೆ ವಿನಾಯಿತಿ ಸಿಗುತ್ತದೆಯೇ? ನಮ್ಮ ಗುಂಪಿನ ಒಟ್ಟು ಮೊತ್ತ ಗುರುತಿಸಲು ಪ್ರತ್ಯೇಕ ಕೊಂಡಿ ಕೊಡುತ್ತೀರಾ? ಉತ್ತರ ಬರಹದಲ್ಲಿ ಬರಲಿ. ಸಾಮಾನ್ಯ ನಿಧಿಗೆ ಎಂದರೆ ಅದೇನೂ ಮೋಸವಲ್ಲ. ಕೊಡುವವರಿಗೆ ಮಾತ್ರ ಮುಂಚೆಯೇ ಹೇಳಿರಬೇಕು. ಅಂದಹಾಗೆ, ಹೊಸ ತೆರಿಗೆ ಪದ್ಧತಿಯಲ್ಲಿರುವವರಿಗೆ 80ಜಿ ಕಡಿತ ಸಿಗುವುದಿಲ್ಲ. ಇದನ್ನು ಮುಚ್ಚಿಟ್ಟು ಹಣ ಕೇಳಬೇಡಿ, ಜುಲೈನಲ್ಲಿ ಬೈಗುಳ ತಿನ್ನುತ್ತೀರಿ.

ವಿದೇಶದ ನೆಂಟರು ಕಳಿಸ್ತೀವಿ ಎಂದರೆ

‘ನಾನೂ ಇನ್ನೂರು ಡಾಲರ್ ಕಳಿಸ್ತೀನಿ’ ಎಂದು ನ್ಯೂಜೆರ್ಸಿಯ ಅಣ್ಣ ಹೇಳಿದರೆ ಕೈಮುಗಿದು ಬೇಡ ಎನ್ನಿ. ವಿದೇಶಿ ಪೌರರು ಕೊಟ್ಟ ಹಣವನ್ನು ಪಡೆಯಲು ಸಂಘಕ್ಕೆ ವಿದೇಶಿ ದೇಣಿಗೆ ಕಾಯ್ದೆಯ, ಅಂದರೆ ಎಫ್‌ಸಿಆರ್‌ಎ ನೋಂದಣಿ ಬೇಕು. ಆ ಹಣ ದೆಹಲಿಯ ಎಸ್‌ಬಿಐ ಮುಖ್ಯ ಶಾಖೆಯ ಖಾತೆಗೇ ಬರಬೇಕು. ಅಣ್ಣನ ಬಳಿ ಇನ್ನೂ ಭಾರತದ ಪಾಸ್‌ಪೋರ್ಟ್ ಇದ್ದರೆ ಮಾತು ಬೇರೆ. ಆದರೂ ಡಾಲರನ್ನು ರೂಪಾಯಿ ಮಾಡಿ ಮತ್ತೆ ಹೊರಗೆ ಕಳಿಸುವುದರಲ್ಲಿ ಅರ್ಥವಿಲ್ಲ. ಅವರು ಅಲ್ಲಿಯೇ ಕಟ್ಟಲಿ. ಬ್ರಿಟನ್ನಿನಲ್ಲಿ ತೆರಿಗೆ ಕಟ್ಟುವವರು ‘ಗಿಫ್ಟ್ ಏಡ್’ ಚೀಟಿ ತುಂಬಿದರೆ ಪ್ರತಿ ಪೌಂಡಿಗೆ 25 ಪೆನ್ಸ್ ಸರ್ಕಾರವೇ ಸಂಸ್ಥೆಗೆ ಸೇರಿಸುತ್ತದೆ. ಅಮೆರಿಕದ ಎಷ್ಟೋ ಕಂಪನಿಗಳು ನೌಕರರು ಕೊಟ್ಟಷ್ಟನ್ನೇ ತಾವೂ ಕೊಡುತ್ತವೆ. ಅಲ್ಲಿನ ಕನ್ನಡ ಕೂಟಗಳಿಗೆ ಇದು ಇಲ್ಲಿಗಿಂತ ಸಲೀಸಾದ ಕೆಲಸ.

ನಮ್ಮ ಊರಲ್ಲೇ ಇರುವವರು

ನನ್ನನ್ನು ಕೇಳಿದರೆ ಸಣ್ಣ ಗುಂಪಿಗೆ ಇಲ್ಲಿ ಓದುತ್ತಿರುವವರಿಗೆ ನೆರವಾಗುವುದೇ ಒಳ್ಳೆಯ ಆಯ್ಕೆ. ಬೆಂಗಳೂರು, ಮೈಸೂರಿನ ಕಾಲೇಜುಗಳಲ್ಲಿ ಸುಡಾನಿನ ವಿದ್ಯಾರ್ಥಿಗಳಿದ್ದಾರೆ. ಊರಲ್ಲಿ ಅಪ್ಪನ ಅಂಗಡಿ ಸುಟ್ಟುಹೋಗಿ, ಮನೆಯವರು ಕೈರೋದಲ್ಲೋ ಶಿಬಿರದಲ್ಲೋ ಇದ್ದರೆ ಮಗನ ಫೀಸು ನಿಲ್ಲುತ್ತದೆ. ಫೀಸು ಬಾಕಿ ಇದ್ದರೆ ಕಾಲೇಜು ವ್ಯಾಸಂಗ ಪ್ರಮಾಣಪತ್ರ ಕೊಡಲು ಮೀನಮೇಷ ಎಣಿಸಬಹುದು. ಅದಿಲ್ಲದೆ ವಿದೇಶಿಯರ ನೋಂದಣಿ ಕಚೇರಿಯಲ್ಲಿ ವೀಸಾ ಮುಂದುವರಿಯುವುದಿಲ್ಲ. ವೀಸಾ ಮುಗಿದರೆ ಹೋಗಲು ಊರಿಲ್ಲ. ಒಂದು ಸೆಮಿಸ್ಟರ್ ಫೀಸಿನಿಂದ ಈ ಸರಪಳಿ ತುಂಡಾಗುತ್ತದೆ.

ಕಾಲೇಜಿನ ವಿದೇಶಿ ವಿದ್ಯಾರ್ಥಿ ವಿಭಾಗಕ್ಕೆ ಹೋಗಿ ಬಾಕಿಯ ಚೀಟಿ ಕೇಳಿ. ವಿದ್ಯಾರ್ಥಿಯ ಒಪ್ಪಿಗೆ ಪತ್ರ ಜೊತೆಗಿರಲಿ. ದಾನಿಗಳು ಕಾಲೇಜಿನ ಖಾತೆಗೇ, ವಿದ್ಯಾರ್ಥಿಯ ನೋಂದಣಿ ಸಂಖ್ಯೆ ಬರೆದು ಕಟ್ಟಲಿ. ಇದಕ್ಕೆ 80ಜಿ ಸಿಗದು. ಆ ಹುಡುಗನ ಫೋಟೊ, ಹೆಸರು ಗುಂಪಿನಲ್ಲಿ ಹಾಕುವಂತಿಲ್ಲ. ವೇದಿಕೆಗೆ ಕರೆದು ಹಾರ ಹಾಕಿಸಿ ಚೆಕ್ ಕೊಡುವುದಂತೂ ಬೇಡವೇ ಬೇಡ.

ಕೇಳುವ ರೀತಿ

ಸಂದೇಶ ಚಿಕ್ಕದಿರಲಿ. ಹೀಗೆ ಬರೆದರೆ ಸಾಕು:

‘ಸುಡಾನಿನ ಯುದ್ಧದಿಂದ ಚಾಡ್ ದೇಶಕ್ಕೆ ಓಡಿಬಂದ ಕುಟುಂಬಗಳಿಗಾಗಿ ನಮ್ಮ ಬಡಾವಣೆಯಿಂದ ₹2 ಲಕ್ಷ ಸೇರಿಸಬೇಕೆಂದಿದ್ದೇವೆ. ಕೆಳಗಿನ ಕೊಂಡಿಯಲ್ಲಿ ನೇರವಾಗಿ ಸಂಸ್ಥೆಗೇ ಕಟ್ಟಿ. ನಮ್ಮ ಯಾರ ಕೈಗೂ ಹಣ ಕೊಡಬೇಡಿ. ಕಟ್ಟಿದ ಮೇಲೆ ಮೊತ್ತ ತಿಳಿಸಿ, ಹೆಸರು ಹೇಳಲೇಬೇಕೆಂದಿಲ್ಲ. ಈ ತಿಂಗಳ ಕೊನೆಯ ಭಾನುವಾರ ಮುಕ್ತಾಯ.’

ಗುರಿ, ಗಡುವು ಎರಡೂ ಇರಬೇಕು. ಗಡುವಿಲ್ಲದ ಮನವಿಯನ್ನು ಜನ ನಾಳೆಗೆ ತಳ್ಳುತ್ತಾರೆ. ಅಳುವ ಮಗುವಿನ ಚಿತ್ರ ಬೇಡ. ಅದು ಯಾವ ದೇಶದ್ದೋ ಯಾವ ವರ್ಷದ್ದೋ ಹೇಳಲಾಗದು, ಗೊತ್ತಿದ್ದರೂ ಆ ಮಗುವಿನ ಅಪ್ಪ ಅಮ್ಮನನ್ನು ನಾವು ಕೇಳಿಲ್ಲ. ಸಂಸ್ಥೆಯೇ ಪ್ರಕಟಿಸಿದ ನಕ್ಷೆಯೋ ಚಿತ್ರವೋ ಸಾಕು. ಕೊಂಡಿಯನ್ನು ಬೇರೆಯವರ ಫಾರ್ವರ್ಡ್‌ನಿಂದ ಎತ್ತಬೇಡಿ, ಸಂಸ್ಥೆಯ ಜಾಲತಾಣ ತೆರೆದು ನಕಲು ಮಾಡಿ. ಯುಪಿಐ ಪಿನ್ ಒತ್ತುವ ಮೊದಲು ಪರದೆಯ ಮೇಲೆ ಕಾಣುವ ಹೆಸರು ಸಂಸ್ಥೆಯದೇ ಎಂದು ನೋಡಲು ಎಲ್ಲರಿಗೂ ಹೇಳಿ.

ಸಹಾಯಾರ್ಥ ನಾಟಕ, ಯಕ್ಷಗಾನ, ಸಂಗೀತ ಸಂಜೆ ನಮಗೆ ಹೊಸತಲ್ಲ. ಜೋಳದ ರೊಟ್ಟಿ ಊಟ ಇಟ್ಟರೂ ಸೈ, ಸುಡಾನಿನ ಜೋಳದ ಮಾತನ್ನು ಅಲ್ಲೇ ಹೇಳಬಹುದು. ಶಾಮಿಯಾನ, ಮೈಕು, ಅಡುಗೆಯವರ ಖರ್ಚಿಗೆ ಬೇರೆಯೇ ಪ್ರಾಯೋಜಕರನ್ನು ಹಿಡಿಯಿರಿ. ದೇಣಿಗೆಯಿಂದ ಖರ್ಚು ಮುರಿಯುವ ಪ್ರಶ್ನೆಯೇ ಬರಬಾರದು. ಧ್ವನಿವರ್ಧಕಕ್ಕೆ ಪೊಲೀಸರ ಅನುಮತಿ ಬೇಕು, ರಾತ್ರಿ 10ಕ್ಕೆ ನಿಲ್ಲಿಸಬೇಕು. ಟಿಕೆಟ್ ಬದಲು ಬಾಗಿಲಲ್ಲಿ ಸಂಸ್ಥೆಯ ಕ್ಯೂಆರ್ ಅಂಟಿಸಿ, ಇಷ್ಟವಿದ್ದವರು ಅಲ್ಲೇ ಕಟ್ಟಲಿ.

ಆದರೂ ನಗದು ಬಂದೇ ಬರುತ್ತದೆ. ಹಿರಿಯರು ಐನೂರರ ನೋಟು ಮಡಚಿ ಕೈಗಿಟ್ಟಾಗ ಬೇಡ ಎನ್ನುವುದು ಕಷ್ಟ. ನಗದು ತೆಗೆದುಕೊಳ್ಳುತ್ತೀರಾ, ಹೇಗೆ ಎಂದು ಸಂಸ್ಥೆಯನ್ನು ಮೊದಲೇ ಕೇಳಿರಿ. ಕ್ರಮಸಂಖ್ಯೆಯಿರುವ ರಸೀದಿ ಪುಸ್ತಕ, ಎಣಿಸಲು ಇಬ್ಬರು, ಅದೇ ರಾತ್ರಿ ಹಾಳೆಯ ಮೇಲೆ ಇಬ್ಬರ ಸಹಿ, ಮರುದಿನ ಬ್ಯಾಂಕಿಗೆ ಹೋಗಿ ಸಂಸ್ಥೆಯ ಖಾತೆಗೆ. ₹2,000 ಮೀರಿದ ನಗದು ದೇಣಿಗೆಗೆ ವಿನಾಯಿತಿ ಇಲ್ಲವೆಂಬುದನ್ನು ಕೊಡುವವರಿಗೆ ಅಲ್ಲೇ ತಿಳಿಸಿ.

ಲೆಕ್ಕ

ದಿನಾಂಕ, ಮೊತ್ತ, ವಹಿವಾಟು ಸಂಖ್ಯೆಯ ಕೊನೆಯ ನಾಲ್ಕು ಅಂಕಿ: ಮೂರೇ ಕಲಂ ಇರುವ ಹಾಳೆ ಸಾಕು. ವಾರಕ್ಕೊಮ್ಮೆ ಗುಂಪಿಗೆ ಹಾಕಿ. ಯಾರು ಎಷ್ಟು ಕೊಟ್ಟರೆಂಬ ಪಟ್ಟಿ ಹಾಕಿದರೆ ನೂರು ರೂಪಾಯಿ ಕೊಡಬೇಕೆಂದಿದ್ದವರು ಸುಮ್ಮನಾಗುತ್ತಾರೆ. ಮುಕ್ತಾಯದ ನಂತರ ಒಟ್ಟು ಮೊತ್ತವನ್ನು ಸಂಸ್ಥೆಯ ಲೆಕ್ಕದೊಂದಿಗೆ ತಾಳೆ ನೋಡಿ, ಅವರ ಪತ್ರವನ್ನು ಗುಂಪಿನಲ್ಲಿ ಹಾಕಿ, ಗುಂಪಿಗೆ ಬೀಗ ಹಾಕಿ.

80ಜಿ ಇರುವ ಸಂಸ್ಥೆ ದಾನಿಗಳಿಗೆ ಫಾರ್ಮ್ 10ಬಿಇ ಎಂದು ಕರೆಯುತ್ತ ಬಂದಿರುವ ಪ್ರಮಾಣಪತ್ರ ಕೊಡಬೇಕು. ವರ್ಷ ಮುಗಿದ ಮೇಲೆ ಅದಕ್ಕೆ ಮೇ 31ರ ಗಡುವು ರೂಢಿಯಲ್ಲಿದೆ. ಬರೀ ರಸೀದಿ ಹಿಡಿದು ರಿಟರ್ನ್ಸ್ ತುಂಬಿದರೆ ಸಾಲದು. ಪ್ರಮಾಣಪತ್ರ ಬಾರದಿದ್ದವರ ಪರವಾಗಿ ದಿನಾಂಕ, ಮೊತ್ತ, ವಹಿವಾಟು ಸಂಖ್ಯೆ ಬರೆದು ಸಂಸ್ಥೆಗೆ ಜ್ಞಾಪನೆ ಕಳಿಸಿ. ಪ್ಯಾನ್ ಸಂಖ್ಯೆಯನ್ನು ಮಾತ್ರ ಅವರೇ ಸಂಸ್ಥೆಗೆ ಕಳಿಸಲಿ, ನಿಮ್ಮ ಗುಂಪಿನಲ್ಲಿ ಹಾಕುವುದು ಬೇಡ.