ಬಹು-ಬ್ಯಾಂಡ್ ಪವರ್ ಆಂಪ್ಲಿಫೈಯರ್: ಪರೀಕ್ಷಾ ಟಿಪ್ಪಣಿ

ಭಾಲ್ಕಿ ತಾಲ್ಲೂಕಿನ ಖಟಕ ಚಿಂಚೋಳಿಯಂತಹ ಊರು, ಅದರ ಸುತ್ತಲಿನ ಹೊಲಗಳಿಗೆ 700 ಮೆಗಾಹರ್ಟ್ಸ್ ಚೆನ್ನಾಗಿ ಒಗ್ಗುತ್ತದೆ. ತರಂಗಾಂತರ ಸುಮಾರು 43 ಸೆಂ.ಮೀ., ದೂರ ಸಾಗುತ್ತದೆ. 2100 ಮೆಗಾಹರ್ಟ್ಸ್‌ನದು ಸುಮಾರು 14 ಸೆಂ.ಮೀ. ಬಿಎಸ್‌ಎನ್‌ಎಲ್‌ನ ಸ್ವದೇಶಿ 4ಜಿ (ಲೋಕಾರ್ಪಣೆ: 27 ಸೆಪ್ಟೆಂಬರ್ 2025, ಝಾರ್ಸುಗುಡ, ಒಡಿಶಾ) ಈ ಎರಡನ್ನೂ ಬಳಸುತ್ತದೆ. ರೇಡಿಯೊ ಬೆಂಗಳೂರಿನ ತೇಜಸ್ ನೆಟ್‌ವರ್ಕ್ಸ್‌ನದು, ಕೋರ್ ಸಿ-ಡಾಟ್‌ನದು, ಜೋಡಣೆ ಟಿಸಿಎಸ್‌ನದು. ‘ಹೊಂದಿಸಿ ಬರೆಯಿರಿ’ಗೆ ಹೇಳಿ ಮಾಡಿಸಿದ ಮೂವರು!

ತೊಡಕು ಇರುವುದು ಗುಣಾಕಾರದಲ್ಲಿ: 700×3=2100. ಮೊಬೈಲ್ 703–748 ಮೆಗಾಹರ್ಟ್ಸ್‌ನಲ್ಲಿ ಟವರ್‌ಗೆ ಸಂಕೇತ ಕಳಿಸುವಾಗ ಅದರ ಆಂಪ್ಲಿಫೈಯರ್ ಹುಟ್ಟಿಸುವ ಮೂರನೇ ಹಾರ್ಮೋನಿಕ್ 2109–2244ರಲ್ಲಿ ಬೀಳುತ್ತದೆ. ಟವರ್‌ನಿಂದ ಬರುವ 2110–2170 ಅದರೊಳಗೇ ಇದೆ. ತಾನೇ ಕೂಗಿ ತನ್ನ ಕಿವಿ ಕಿವುಡಾಗಿಸಿಕೊಂಡ ಹಾಗೆ. ಫಿಲ್ಟರ್ ಬೇಕಾಗುವುದು ಅದಕ್ಕೇ.

ಟವರ್‌ನಲ್ಲಿ ವಿದ್ಯುತ್ ಉಳಿಸಲು ಡೋಹರ್ಟಿ ವಿನ್ಯಾಸವಿದೆ (ಬೆಲ್ ಲ್ಯಾಬ್ಸ್, 1936): ಒಂದು ಆಂಪ್ಲಿಫೈಯರ್ ಸದಾ ದುಡಿಯುತ್ತದೆ, ಇನ್ನೊಂದು ಸಂಕೇತ ಏರಿದಾಗಷ್ಟೇ ಕೈಹಚ್ಚುತ್ತದೆ. ಇವನ್ನು ಬೆಸೆಯುವ ತಂತಿಯ ಉದ್ದ ತರಂಗಾಂತರದ ಕಾಲುಭಾಗ. ಬ್ಯಾಂಡ್ ಬದಲಾದರೆ ಆ ಅಳತೆಯೂ ತಪ್ಪುತ್ತದೆ. ಹಾಗಾಗಿ ಎರಡು ಬ್ಯಾಂಡ್‌ಗೂ ಹೊಂದುವ ಜಾಲ ರಚಿಸಬೇಕು.

ಟವರ್ ಆಂಪ್ಲಿಫೈಯರ್‌ನ ಅರೆವಾಹಕ: ಗ್ಯಾಲಿಯಂ ನೈಟ್ರೈಡ್, ಬ್ಯಾಂಡ್ ಅಂತರ 3.4 ಇವಿ (ಸಿಲಿಕಾನ್ 1.1). ಗ್ಯಾಲಿಯಂ ಆರ್ಸೆನೈಡ್ ಜೊತೆ ಗೊಂದಲ ಬೇಡ. ಅದು ಮುಖ್ಯವಾಗಿ ಫೋನಿನೊಳಗಿನದು. ಆಂಪ್ಲಿಫೈಯರ್ ಸಂಕೇತದಲ್ಲಿ ಉಂಟುಮಾಡುವ ವಿರೂಪವನ್ನು ಮುಂಚೆಯೇ ತಿರುಗುಮುರುಗಾಗಿ ಬೆರೆಸಿ ಅಳಿಸುವ ವಿಧಾನವೇ ಡಿಜಿಟಲ್ ಪ್ರಿಡಿಸ್ಟಾರ್ಷನ್.