ತೋಟಕ್ಕೆ ಜೊತೆ ಬೇಕು: ಹಲವು ಆದಾಯಗಳ ಬಗೆಗೆ ಒಂದು ಅಭ್ಯಾಸ ಪಾಠ



ಹಾನಗಲ್ಲಿನಿಂದ ಹಿರೇಕೆರೂರಿನ ಕಡೆಗೆ ಹೊರಟರೆ ಇಂದು ರಸ್ತೆಯ ಎರಡೂ ಬದಿಗೆ ಎಳೆಯ ಅಡಿಕೆ ತೋಟಗಳು ಕಾಣಸಿಗುತ್ತವೆ. ಭತ್ತದ ಗದ್ದೆಗೆ ಅಡಿಕೆ ಬಂದಿದೆ. ಗೋವಿನಜೋಳದ ಹೊಲಕ್ಕೂ ಬಂದಿದೆ. ಹಾನಗಲ್ಲ ಭಾಗದಲ್ಲಿ ಫಲ ಕೊಡುವ ಆಪೂಸು ಮಾವಿನ ಮರಗಳನ್ನು ಕಡಿದು ಅಡಿಕೆ ಹಚ್ಚಿದವರೂ ಇದ್ದಾರೆ. ಇದಕ್ಕಾಗಿ ಯಾರನ್ನೂ ದೂರುವಂತಿಲ್ಲ. ಗೋವಿನಜೋಳ ಕೊಟ್ಟ ಹಣ ಗೊಬ್ಬರದಂಗಡಿಯ ಬಾಕಿಗೆ ಸಾಲದೆ ಹೋದಾಗ ರೈತ ಬೇರೆ ದಾರಿ ನೋಡುವುದು ಸಹಜವೇ. ಆದರೆ ಮಲೆನಾಡಿನಿಂದ ಸಸಿ ತಂದ ನಾವು, ಅಲ್ಲಿ ಆ ಸಸಿಯ ಸುತ್ತಲೂ ಇದ್ದ ಏರ್ಪಾಟನ್ನೂ ತಂದಿದ್ದೇವೆಯೇ ಎಂಬುದನ್ನು ಕೇಳಿಕೊಳ್ಳಬೇಕಾಗಿದೆ. ಈ ಪಾಠದ ವಿಷಯ ಅದೇ ಆಗಿರುತ್ತದೆ.

ಒಂದು ಎಕರೆಯ ಹಿಂದೆ ಒಂಬತ್ತು ಎಕರೆ

ಪಕ್ಕದ ಶಿರಸಿ, ಸಿದ್ದಾಪುರಗಳ ತೋಟವನ್ನು ನೋಡಿದವರಿಗೆ ಅದು ಬರೀ ಅಡಿಕೆಯ ತೋಟವೆಂದು ತೋರುತ್ತದೆ. ನಿಜದಲ್ಲಿ ಅದು ಹಾಗಲ್ಲ. ಬ್ರಿಟಿಷರ ಕಾಲದಿಂದಲೂ ಅಲ್ಲಿ ಒಂದು ಎಕರೆ ಅಡಿಕೆ ತೋಟಕ್ಕೆ ಒಂಬತ್ತು ಎಕರೆಯವರೆಗೆ ಸೊಪ್ಪಿನ ಬೆಟ್ಟದ ಸೌಲಭ್ಯವಿದೆ. ಬೆಟ್ಟದ ಸೊಪ್ಪು ಕೊಟ್ಟಿಗೆಗೆ ಬರುತ್ತದೆ, ದನದ ಕಾಲಡಿಯಲ್ಲಿ ಗೊಬ್ಬರವಾಗುತ್ತದೆ, ಗೊಬ್ಬರ ಮರದ ಬುಡಕ್ಕೆ ಹೋಗುತ್ತದೆ. ಬೆಟ್ಟದ ಬುಡದ ಕಣಿವೆಯಲ್ಲಿ ತೋಟವಿರುವುದರಿಂದ ಮೇಲಿನ ಕಾಡು ಹಿಡಿದಿಟ್ಟ ನೀರು ಬೇಸಿಗೆಯಲ್ಲಿಯೂ ಜಿನುಗುತ್ತದೆ. ಅಂದರೆ ಆ ಒಂದು ಎಕರೆಯ ಬೆನ್ನಿಗೆ ಕಾಡಿದೆ, ಕೊಟ್ಟಿಗೆಯಿದೆ, ಮೇಲಿನ ತೊರೆಯಿದೆ.

ನಮ್ಮ ನಾಲ್ಕು ತಾಲ್ಲೂಕುಗಳ ಸ್ಥಿತಿ ಬೇರೆ. ಕೃಷಿ ಹವಾಮಾನದ ವಿಂಗಡಣೆಯಲ್ಲಿ ಹಾನಗಲ್ಲ ಒಂದೇ ಗುಡ್ಡಗಾಡು ವಲಯಕ್ಕೆ ಸೇರಿದ್ದು, ಶಿಗ್ಗಾಂವಿ, ಸವಣೂರು, ಹಿರೇಕೆರೂರು ಉತ್ತರದ ಅರೆಮಲೆನಾಡು ವಲಯಕ್ಕೆ ಸೇರಿವೆ. ಪಶ್ಚಿಮದಿಂದ ಪೂರ್ವಕ್ಕೆ ಸರಿದಂತೆ ಮಳೆ ಇಳಿಯುತ್ತದೆ, ಮಣ್ಣು ಕೆಂಪಿನಿಂದ ಕಪ್ಪಿಗೆ ತಿರುಗುತ್ತದೆ. ಸೊಪ್ಪಿನ ಬೆಟ್ಟವಂತೂ ನಮಗಿಲ್ಲ.

ಈಗ ಸ್ವಲ್ಪ ಲೆಕ್ಕ ಮಾಡೋಣ. ಒಂಬತ್ತು ಅಡಿ ಅಂತರದಲ್ಲಿ ಹಚ್ಚಿದರೆ ಎಕರೆಗೆ ಸುಮಾರು 550 ಮರ. ಮರವೊಂದಕ್ಕೆ ವರ್ಷಕ್ಕೆ 12 ಕಿಲೋ ಕೊಟ್ಟಿಗೆ ಗೊಬ್ಬರ, 12 ಕಿಲೋ ಹಸಿರು ಸೊಪ್ಪು ಕೊಡಬೇಕೆಂದು ಶಿಫಾರಸು. ಗೊಬ್ಬರವೇ ಆರೂವರೆ ಟನ್ನಾಯಿತು. ಒಂದು ಹಸುವಿನಿಂದ ವರ್ಷಕ್ಕೆ ಕಳಿತ ಗೊಬ್ಬರ ಹೆಚ್ಚೆಂದರೆ ಎರಡು ಟನ್ನಿನ ಆಸುಪಾಸು. ಹಾಗಾದರೆ ಎಕರೆ ತೋಟಕ್ಕೆ ಮೂರು ನಾಲ್ಕು ದನ ಬೇಕು. ಒಂದು ದನಕ್ಕೆ ದಿನಕ್ಕೆ ಐದಾರು ಕಿಲೋ ಒಣಹುಲ್ಲೆಂದರೆ ವರ್ಷಕ್ಕೆ ಎರಡು ಟನ್. ಅದು ಹೆಚ್ಚುಕಡಿಮೆ ಒಂದು ಎಕರೆ ಭತ್ತದ ಹುಲ್ಲು. ಗದ್ದೆಯನ್ನೆಲ್ಲ ತೋಟ ಮಾಡಿದ ಮನೆಯಲ್ಲಿ ಮೊದಲು ಬಣವೆ ಹೋಗುತ್ತದೆ, ಆಮೇಲೆ ಎಮ್ಮೆ ಹೋಗುತ್ತದೆ, ಅದರ ಹಿಂದೆಯೇ ಹಾಲಿನ ಡೇರಿಯ ಹದಿನೈದು ದಿನದ ಬಟವಾಡೆಯೂ ಹೋಗುತ್ತದೆ. ಅಲ್ಲಿಂದ ಮುಂದೆ ತೋಟಕ್ಕೆ ಬೇಕಾದ ಗೊಬ್ಬರವನ್ನು ಲಾರಿಯಲ್ಲಿ ತರಿಸಬೇಕಾಗುತ್ತದೆ.

ನೀರಿನ ಲೆಕ್ಕ ಇನ್ನೂ ಬಿಗಿಯಾದುದು. ಹನಿ ನೀರಾವರಿಯಲ್ಲಿಯೂ ಬೇಸಿಗೆಯ ದಿನಗಳಲ್ಲಿ ಫಲಕ್ಕೆ ಬಂದ ಮರಕ್ಕೆ ದಿನಕ್ಕೆ 16ರಿಂದ 20 ಲೀಟರ್ ಬೇಕು. ಇಪ್ಪತ್ತರಂತೆ ಹಿಡಿದರೆ ಎಕರೆಗೆ 11,000 ಲೀಟರ್. ಐದು ಸಾವಿರ ಲೀಟರಿನ ಟ್ಯಾಂಕರು ಎರಡು ಸಾರಿ ಬಂದರೂ ಸಾಲದು. ಜನವರಿಯಿಂದ ಮೇ ಕೊನೆಯವರೆಗೆ 150 ದಿನಕ್ಕೆ ಹದಿನಾರೂವರೆ ಲಕ್ಷ ಲೀಟರ್ ಆಗುತ್ತದೆ. ಗೋವಿನಜೋಳಕ್ಕೆ ಮಳೆ ಕೈಕೊಟ್ಟರೆ ಆ ವರ್ಷದ ಬೆಳೆ ಹೋಯಿತು, ಮುಂದಿನ ವರ್ಷ ಮತ್ತೆ ಬಿತ್ತಬಹುದು. ಅಡಿಕೆಗೆ ಒಂದು ಬೇಸಿಗೆ ನೀರು ತಪ್ಪಿ ಮರ ಒಣಗಿದರೆ, ಫಲಕ್ಕೆ ಬರಲು ಕಾದ ಐದರಿಂದ ಏಳು ವರ್ಷವೂ ಅದರೊಡನೆ ಒಣಗುತ್ತದೆ. 2023ರಲ್ಲಿ ರಾಜ್ಯದ 236 ತಾಲ್ಲೂಕುಗಳ ಪೈಕಿ 223 ಬರಪೀಡಿತವೆಂದು ಘೋಷಣೆಯಾದವು. ಅಂಥ ವರ್ಷ ಮರಳಿ ಬರುವುದಿಲ್ಲವೆಂದು ಹೇಳುವ ಧೈರ್ಯ ಯಾರಿಗಿದೆ?

ಒಳಬೆಳೆ ಹಾಕಿದರೆ ಸಾಲದೇ?

ಹಲವು ಸದಸ್ಯರ ಉತ್ತರ ಸಿದ್ಧವಿರುತ್ತದೆ: "ಅಡಿಕೆಗೆ ಕಾಳುಮೆಣಸು ಹಬ್ಬಿಸಿದ್ದೇವೆ, ನಡುವೆ ಕೋಕೋ ಇದೆ, ನಮ್ಮದು ಒಂದೇ ಬೆಳೆ ಅಲ್ಲ." ಒಳಬೆಳೆ ಒಳ್ಳೆಯದೇ. ನೆಲದ ಉಪಯೋಗವಾಗುತ್ತದೆ, ತೋಟ ತಂಪಾಗಿರುತ್ತದೆ. ಆದರೆ ಒಂದು ಸಂಗತಿಯನ್ನು ಗಮನಿಸಿರಿ. ಅಡಿಕೆಯ ಕೊಳೆರೋಗ, ಮೆಣಸಿನ ಬಳ್ಳಿಯ ಶೀಘ್ರ ಸೊರಗು ರೋಗ, ಕೋಕೋದ ಕಾಯಿ ಕೊಳೆ, ಈ ಮೂರನ್ನೂ ತರುವುದು ಫೈಟಾಫ್ತೊರ ಎಂಬ ಒಂದೇ ಕುಲದ ರೋಗಾಣು. ಎಡೆಬಿಡದ ಒಂದೇ ಮಳೆ ಮೂರನ್ನೂ ಒಟ್ಟಿಗೆ ಕೆಡಿಸಬಲ್ಲದು. ಮೈಸೂರು ಸಂಸ್ಥಾನದ ವಿಜ್ಞಾನಿ ಲೆಸ್ಲಿ ಕೋಲ್ಮನ್ ಅವರು ಕೊಳೆರೋಗದ ಮೇಲೆ ಬರೆದದ್ದು 1910ರಲ್ಲಿ. ಇಂದಿಗೂ ನಮ್ಮ ಕೈಯಲ್ಲಿರುವ ಮುಖ್ಯ ಆಯುಧ ಶೇಕಡಾ ಒಂದರ ಬೋರ್ಡೋ ದ್ರಾವಣವೇ. ಇನ್ನು ಬೋರು ಬತ್ತಿದರೆ ಮೂರೂ ಬೆಳೆ ಒಂದೇ ವಾರದಲ್ಲಿ ಬಾಡುತ್ತವೆ. ಪುಸ್ತಕದಲ್ಲಿ ಮೂರು ಬೆಳೆ, ಕಷ್ಟದ ದಿನ ಮಾತ್ರ ಒಂದೇ.

ಕಾಫಿಯ ಮಾತೂ ಈಚೆಗೆ ಕೇಳಿಬರುತ್ತಿದೆ. ಧಾರಣೆ ಏರಿದಾಗ ಇಂಥ ಮಾತು ಏಳುವುದು ಹೊಸತೇನಲ್ಲ. ರೋಬಸ್ಟಾಕ್ಕೆ ಫೆಬ್ರವರಿ, ಮಾರ್ಚ್‌ನಲ್ಲಿ ಹೂಮಳೆ ಬೇಕು, ಆಮೇಲೆ ಕಾಯಿ ಕಚ್ಚಲು ಇನ್ನೊಂದು ಮಳೆ ಬೇಕು. ಬಾರದಿದ್ದರೆ ತುಂತುರು ನೀರಾವರಿ ಕೊಡಬೇಕು, ಅದೂ ಬೋರಿನಲ್ಲಿ ನೀರು ತಳ ಮುಟ್ಟಿರುವ ತಿಂಗಳಲ್ಲಿ. ಹಾನಗಲ್ಲದ ಪಶ್ಚಿಮದ ಅಂಚಿನ ಹಳ್ಳಿಗಳಲ್ಲಿ, ಹಳೆಯ ನೆರಳಿನ ತೋಟವಿದ್ದವರು ನಾಲ್ಕಾರು ಸಾಲು ಹಾಕಿ ನೋಡಲಿ. ಸವಣೂರಿನ ಎರೆ ಹೊಲದಲ್ಲಿ ಕಾಫಿಯ ಯೋಚನೆ ಬೇಡವೆಂಬುದು ನನ್ನ ಅಭಿಪ್ರಾಯ.

ನಮ್ಮ ಹಿರಿಯರ ಹೊಲದ ಪಾಠ

ಬೇರೆ ಬೇರೆ ಆದಾಯಗಳನ್ನು ಹೇಗೆ ಜೋಡಿಸಬೇಕೆಂಬುದನ್ನು ಕಲಿಯಲು ದೂರ ಹೋಗಬೇಕಾಗಿಲ್ಲ. ಹಳೆಯ ಧಾರವಾಡ ಜಿಲ್ಲೆಯ ಎರೆ ಭೂಮಿಯಲ್ಲಿ ಉಳ್ಳಾಗಡ್ಡಿ, ಮೆಣಸಿನಕಾಯಿ, ಹತ್ತಿ ಮೂರನ್ನೂ ಒಂದೇ ಹೊಲದಲ್ಲಿ ಬೆಳೆಯುವ ಪದ್ಧತಿಯಿದೆ. ಮುಂಗಾರಿನಲ್ಲಿಯೇ ಮೂರೂ ನೆಲ ಸೇರುತ್ತವೆ. ಮೊದಲು ಉಳ್ಳಾಗಡ್ಡಿ ಕಿತ್ತು ಹುಬ್ಬಳ್ಳಿಗೆ ಹೋಗುತ್ತದೆ, ಕೂಲಿಗೆ ಹಣವಾಗುತ್ತದೆ. ಅದು ಬಿಟ್ಟ ಜಾಗದಲ್ಲಿ ಮೆಣಸಿನ ಗಿಡ ಹರಡಿಕೊಂಡು, ಚಳಿಗಾಲದಲ್ಲಿ ಕೆಂಪಾದ ಕಾಯಿ ಬ್ಯಾಡಗಿಯ ಪೇಟೆಗೆ ಹೋಗುತ್ತದೆ. ಕೊನೆಗೆ ಆಳಕ್ಕೆ ಬೇರು ಬಿಟ್ಟ ಹತ್ತಿ, ಮೇಲಿನ ಮಣ್ಣು ಒಣಗಿದ ಮೇಲೂ ಬಿಡಿಸಲು ಸಿಗುತ್ತದೆ. ಮೂರಕ್ಕೂ ತಿಂಗಳು ಬೇರೆ, ಬೇರಿನ ಆಳ ಬೇರೆ, ಕೊಳ್ಳುವವನೂ ಬೇರೆ. ಉಳ್ಳಾಗಡ್ಡಿಯ ಧಾರಣೆ ಬಿದ್ದ ವರ್ಷ ಹತ್ತಿಯ ಧಾರಣೆಯೂ ಬೀಳಬೇಕೆಂಬ ನಿಯಮವಿಲ್ಲ. ಜೋಳದ ಹೊಲದಲ್ಲಿ ಅಕ್ಕಡಿ ಸಾಲು ಹಾಕಿದ ಹಿರಿಯರ ಲೆಕ್ಕವೂ ಇದೇ ಆಗಿತ್ತು. ಇದನ್ನು ಹಳೆಯ ಪದ್ಧತಿಯೆಂದು ಬದಿಗೆ ತಳ್ಳುವವರು ಒಮ್ಮೆ ಕೂತು ಯೋಚಿಸಬೇಕು.

ಈ ಅಳತೆಗೋಲಿನಿಂದ ಅಡಿಕೆಗೆ ಜೊತೆಯಾಗಬಲ್ಲವು ಯಾವುವು?

ಸವಣೂರಿನ ವೀಳ್ಯದೆಲೆ ಹೆಸರಾದುದು. ಅಗಸೆ, ನುಗ್ಗೆಗಳಿಗೆ ಬಳ್ಳಿ ಹಬ್ಬಿಸಿದ ಎಲೆತೋಟದಲ್ಲಿ ಕೆಲವು ವಾರಕ್ಕೊಮ್ಮೆ ಎಲೆ ಕೊಯ್ಯಬಹುದು, ವರ್ಷವಿಡೀ ಕೈಯಲ್ಲಿ ಹಣವಾಡುತ್ತದೆ. ನೆರಳಿನ ಅಗಸೆಯ ಸೊಪ್ಪು ಆಡು, ಎಮ್ಮೆಗಳಿಗೆ ಮೇವು. ಬಳ್ಳಿ ಕಟ್ಟುವುದು, ವರ್ಷಕ್ಕೊಮ್ಮೆ ಬಳ್ಳಿ ಇಳಿಸಿ ಮಣ್ಣು ಕೊಡುವುದು ಕೈಚಳಕದ ಕೆಲಸ. ಅದನ್ನು ಬಲ್ಲ ಮನೆತನಗಳ ಮಕ್ಕಳು ಈಗ ಬೇರೆ ಉದ್ಯೋಗ ಹಿಡಿಯುತ್ತಿದ್ದಾರೆ. ಒಂದು ಎಚ್ಚರಿಕೆ: ಎಲೆಗೂ ಅಡಿಕೆಗೂ ಬಾಯಿ ಒಂದೇ, ಅಂದರೆ ತಾಂಬೂಲದ ಪೇಟೆ ಒಂದೇ. ನೀರೂ ಬೇಕು. ಆದ್ದರಿಂದ ಎಲೆತೋಟ ದಿನದ ಖರ್ಚನ್ನು ನೀಗಿಸೀತು, ಪೂರ್ಣ ರಕ್ಷಣೆಯಲ್ಲ.

ರೇಷ್ಮೆ ಈ ದೃಷ್ಟಿಯಿಂದ ಹೆಚ್ಚು ಸ್ವತಂತ್ರವಾದುದು. ಹುಳು ಒಡೆದಲ್ಲಿಂದ ಗೂಡು ಕಟ್ಟುವವರೆಗೆ ಸುಮಾರು 25ರಿಂದ 28 ದಿನ. ಚಾಕಿ ಹುಳು ತಂದರೆ ಮನೆಯಲ್ಲಿ ಸಾಕುವ ದಿನಗಳು ಇನ್ನೂ ಕಡಿಮೆ. ವರ್ಷಕ್ಕೆ ಐದಾರು ಬೆಳೆ ತೆಗೆಯಬಹುದು. ಎಲ್ಲಕ್ಕಿಂತ ಮುಖ್ಯವಾಗಿ, ನೀರಿಲ್ಲದ ಬೇಸಿಗೆಯಲ್ಲಿ ಹಿಪ್ಪುನೇರಳೆಯನ್ನು ಸವರಿ ಬಿಟ್ಟುಬಿಡಬಹುದು. ಮಳೆ ಬಿದ್ದೊಡನೆ ಅದು ಮತ್ತೆ ಚಿಗುರುತ್ತದೆ. ಹೀಗೆ ಸುಮ್ಮನೆ ಕಾಯುವ ಶಕ್ತಿ ಅಡಿಕೆಗಿಲ್ಲ. ಆದರೆ ಪಕ್ಕದ ಹೊಲದವರು ಹತ್ತಿಗೋ ಮೆಣಸಿನಕಾಯಿಗೋ ಹೊಡೆದ ಔಷಧಿ ಗಾಳಿಯಲ್ಲಿ ಸೊಪ್ಪಿಗೆ ಬಂದರೆ ಹುಳು ಸಾಯುತ್ತದೆ. ಆದಕಾರಣ ಇದು ಒಬ್ಬನೇ ತೀರ್ಮಾನಿಸುವ ವಿಷಯವಲ್ಲ, ಬದುವಿನ ಆಚೆಯವರೊಡನೆ ಮಾತಾಡಿಯೇ ಆರಂಭಿಸಬೇಕು.

ಹಿರೇಕೆರೂರು, ರಾಣೆಬೆನ್ನೂರು ಭಾಗದ ಬೀಜೋತ್ಪಾದನೆ ಇನ್ನೊಂದು ಬಗೆಯದು. ಧಾರವಾಡದಲ್ಲಿ ಡಾ. ಕಟರಕಿ ಅವರು 1972ರಲ್ಲಿ ವರಲಕ್ಷ್ಮಿ ಹತ್ತಿಯನ್ನು ಕೊಟ್ಟ ಮೇಲೆ ಕೈಯಿಂದ ಹೂವು ಕೂಡಿಸುವ ಈ ಕಸುಬು ನಮ್ಮ ಸೀಮೆಗೆ ಒಗ್ಗಿತು. ಈಗ ಟೊಮೆಟೊ, ಮೆಣಸಿನಕಾಯಿ ಮೊದಲಾದವುಗಳ ಬೀಜವೂ ಆಗುತ್ತಿದೆ. ಹತ್ತಿಯಲ್ಲಿ ಮಧ್ಯಾಹ್ನದ ಮೇಲೆ ಮೊಗ್ಗಿನ ಗಂಡುಭಾಗ ತೆಗೆದು, ಮರುದಿನ ಬೆಳಿಗ್ಗೆ ಪರಾಗ ಮುಟ್ಟಿಸಬೇಕು. ಹತ್ತು ಹದಿನೈದು ಗುಂಟೆಯಲ್ಲಿಯೇ ಮನೆಮಂದಿಗೂ ಓಣಿಯ ಹೆಣ್ಣುಮಕ್ಕಳಿಗೂ ಕೆಲಸವಾಗುತ್ತದೆ. ಭತ್ತದ ಕಳೆ, ಕೊಯ್ಲು ತಪ್ಪಿದ ಮೇಲೆ ನಮ್ಮ ಊರುಗಳ ಕೂಲಿಯವರಿಗೆ ಏನು ಉಳಿಯಿತು ಎಂಬುದನ್ನು ತೋಟದ ಮಾಲೀಕರು ಕೇಳಿಕೊಂಡದ್ದು ಕಡಿಮೆ. ಹನಿ ಕೊಳವೆ ಹಾಕಿದ ಅಡಿಕೆ ತೋಟ ವರ್ಷದಲ್ಲಿ ಕೆಲವೇ ದಿನ ಆಳು ಕರೆಯುತ್ತದೆ. ಊರು ಬಿಟ್ಟು ಗೋವಾಕ್ಕೋ ಬೆಂಗಳೂರಿಗೋ ಹೋದವರು ಕೊನೆ ಕೊಯ್ಲಿನ ಹೊತ್ತಿಗೆ ಬನ್ನಿರೆಂದರೆ ಬರುವರೇ? ಬೀಜೋತ್ಪಾದನೆಯಲ್ಲಿ ತೊಡಕೂ ಉಂಟು: ಬೀಜದ ಪರೀಕ್ಷೆ ಮುಗಿಯುವವರೆಗೆ ಹಣ ಬರುವುದಿಲ್ಲ, ಪರೀಕ್ಷೆಯಲ್ಲಿ ತಿರಸ್ಕೃತವಾದರೆ ಶ್ರಮ ವ್ಯರ್ಥ. ಕರಾರಿನ ಕಾಗದ ಕೈಯಲ್ಲಿಲ್ಲದೆ ಇದಕ್ಕೆ ಇಳಿಯಬಾರದು.

ಕೊಳ್ಳುವವನು ಒಬ್ಬನೇ ಆದರೆ

ದಕ್ಷಿಣ ಕನ್ನಡದ ಕೋಕೋದ ಕಥೆಯನ್ನು ನಮ್ಮ ಎಲ್ಲ ಸದಸ್ಯರೂ ತಿಳಿದಿರಬೇಕು. ಎಪ್ಪತ್ತರ ದಶಕದ ಆರಂಭದಲ್ಲಿ ಅಡಿಕೆಯ ಧಾರಣೆ ಕುಸಿದಾಗ ಕರ್ನಾಟಕ, ಕೇರಳಗಳ ಬೆಳೆಗಾರರು ಸೇರಿ, ವಾರಣಾಶಿ ಸುಬ್ರಾಯ ಭಟ್ಟರ ಮುಂದಾಳುತನದಲ್ಲಿ 1973ರ ಜುಲೈನಲ್ಲಿ ಕ್ಯಾಂಪ್ಕೋ ಕಟ್ಟಿದರು. ಅದೇ ಕಾಲದಲ್ಲಿ ಅಡಿಕೆಯೊಂದನ್ನೇ ನಂಬಬಾರದೆಂದು ತೋಟಗಳಲ್ಲಿ ಕೋಕೋ ಹಬ್ಬಿತು. ಬೆಳೆಯೇನೋ ಎರಡಾಯಿತು. ಆದರೆ ಆ ದಶಕದ ಕೊನೆಯಲ್ಲಿ ಖಾಸಗಿ ಖರೀದಿ ಹಿಂದೆ ಸರಿದಾಗ ಕೋಕೋವನ್ನು ಕೇಳುವವರಿಲ್ಲದಾಯಿತು. ಆಗ ಸಹಕಾರಿ ಸಂಸ್ಥೆ ಖರೀದಿಗೆ ಇಳಿಯಿತು. 1986ರಲ್ಲಿ ಪುತ್ತೂರಿನಲ್ಲಿ ತನ್ನದೇ ಚಾಕೊಲೇಟ್ ಕಾರ್ಖಾನೆ ತೆರೆಯಿತು. ಹೊಸ ಬೆಳೆ ಹಚ್ಚುವ ಮುನ್ನ ಕೊಳ್ಳುವವರನ್ನು ಎಣಿಸಬೇಕೆಂಬುದಕ್ಕೆ ಇದಕ್ಕಿಂತ ದೊಡ್ಡ ಉದಾಹರಣೆ ಬೇಡ. ವೆನಿಲಾದಲ್ಲಿ ಅಂಥ ಸಂಸ್ಥೆಯೂ ಬೆಳೆಗಾರನನ್ನು ಉಳಿಸಲಾಗಲಿಲ್ಲ. 2003ರ ಸುಮಾರಿಗೆ ಕಿಲೋಗೆ ಸಾವಿರಗಳ ಲೆಕ್ಕದಲ್ಲಿದ್ದ ಹಸಿ ಕೋಡು ಕೆಲವೇ ವರ್ಷಗಳಲ್ಲಿ ನೂರರ ಲೆಕ್ಕಕ್ಕಿಳಿಯಿತು. ಮಡಗಾಸ್ಕರಿನಲ್ಲಿ ಚಂಡಮಾರುತದಿಂದ ಕೆಟ್ಟ ತೋಟಗಳು ಚೇತರಿಸಿಕೊಂಡದ್ದೂ ಇದಕ್ಕೆ ಒಂದು ಕಾರಣ.

ಅಡಿಕೆಗೂ ಇಂಥ ಅಪಾಯವಿಲ್ಲವೆನ್ನಲಾಗದು. 2004ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ ಅಡಿಕೆಯನ್ನು ಕ್ಯಾನ್ಸರ್‌ಕಾರಕವೆಂದು ಪಟ್ಟಿ ಮಾಡಿತು, 2013ರಲ್ಲಿ ಕರ್ನಾಟಕದಲ್ಲಿ ಗುಟ್ಕಾ ನಿಷೇಧವಾಯಿತು. ಅಡಿಕೆಯ ಹಾಳೆಯಿಂದ ತಟ್ಟೆ ಮಾಡುವುದು ಒಳ್ಳೆಯ ಉಪಕಸುಬು, ಬಿದ್ದ ಹಾಳೆಗೆ ಬೆಲೆ ಬರುತ್ತದೆ. ಆದರೆ 2025ರ ಮೇ ತಿಂಗಳಲ್ಲಿ ಅಮೆರಿಕದ ಆಹಾರ ಮತ್ತು ಔಷಧ ಇಲಾಖೆ ಈ ತಟ್ಟೆಗಳ ವಿರುದ್ಧ ನಿಂತಿತು. ರಫ್ತನ್ನೇ ನಂಬಿ ಯಂತ್ರ ಕೊಳ್ಳುವವರು ಹತ್ತಿರದ ಮದುವೆ, ಜಾತ್ರೆಗಳ ಬೇಡಿಕೆಯನ್ನು ಮೊದಲು ವಿಚಾರಿಸಲಿ.

ಕೆರೆ ಮತ್ತು ನೊಣ

ಗದ್ದೆ ಇದ್ದಾಗ ಕೆರೆಯ ತೂಬು, ಕಾಲುವೆ ಎಂದರೆ ಊರವರೆಲ್ಲರ ಕಾಳಜಿ. ಎಲ್ಲರೂ ಬೋರಿಗೆ ಹೋದ ಮೇಲೆ ತೂಬಿನ ಕಡೆ ನೋಡುವವರಿಲ್ಲ. ಆದರೆ ಬೋರಿಗೆ ನೀರು ಬರುವುದು ಅದೇ ಕೆರೆಯಿಂದ. ಕುಮುದ್ವತಿಗೆ ಅಡ್ಡಲಾಗಿ ಗುಡ್ಡಗಳ ನಡುವೆ ಕಟ್ಟಿದ ಮಾಸೂರಿನ ಮದಗದ ಕೆರೆಯಿರಲಿ, ಧರ್ಮಾ ಕಾಲುವೆಯ ನೀರು ಕಾಣುವ ಹಾನಗಲ್ಲದ ಕೆರೆಗಳಿರಲಿ, ಹೂಳು ತೆಗೆದು ಹೊಲಕ್ಕೆ ಹಾಕಿದರೆ ಕೆರೆಗೂ ಹೊಲಕ್ಕೂ ಲಾಭ. ಅಚ್ಚುಕಟ್ಟಿನಲ್ಲಿ ಸ್ವಲ್ಪವಾದರೂ ಗದ್ದೆ ಉಳಿಯಬೇಕೆಂದು ನಾನು ಹೇಳುವುದು ಅಕ್ಕಿಯ ಆಸೆಯಿಂದಲ್ಲ, ಈ ಕಾರಣಕ್ಕಾಗಿ.

ಮಾವು, ಸೌತೆ, ಉಳ್ಳಾಗಡ್ಡಿ ಬೀಜ, ರೋಬಸ್ಟಾ ಕಾಫಿ ಇವೆಲ್ಲವುಗಳ ಕಾಯಿಕಟ್ಟುವಿಕೆಯಲ್ಲಿ ಜೇನು ಮುಂತಾದ ಕೀಟಗಳ ಕೈವಾಡವಿದೆ. ಬದುವಿನ ಹೊಂಗೆ, ಬೇವು ಕಡಿದರೆ ಅವು ಎಲ್ಲಿರಬೇಕು? ಬಂಕಾಪುರದ ಕೋಟೆಯಲ್ಲಿ ಖಿಲಾರಿ ದನಗಳ ತಳಿ ಕೇಂದ್ರವೂ, 2006ರಲ್ಲಿ ಘೋಷಿಸಿದ ನವಿಲುಧಾಮವೂ ಒಂದೇ ಆವರಣದಲ್ಲಿವೆ. ಕುರುಚಲು ಗಿಡ, ಕಂದಕದ ನೀರು, ದನ, ಹಕ್ಕಿ ಒಟ್ಟಿಗೆ ಬಾಳಿವೆ. ನವಿಲು ಕೀಟವನ್ನು ತಿನ್ನುತ್ತದೆ, ಸುತ್ತಲಿನ ಹೊಲದ ಬಿತ್ತಿದ ಬೀಜವನ್ನೂ ಹೆಕ್ಕುತ್ತದೆ. ಶಿಗ್ಗಾಂವಿಯ ರೈತರು ಗೊಣಗಿದರೆ ತಪ್ಪೇನಿಲ್ಲ.

ಅಭ್ಯಾಸ

ಒಂದು ಹಾಳೆಯ ಮೇಲೆ ಯುಗಾದಿಯಿಂದ ಆರಂಭಿಸಿ ಹನ್ನೆರಡು ತಿಂಗಳು ಬರೆಯಿರಿ. ಪ್ರತಿ ತಿಂಗಳ ಮುಂದೆ ಮನೆಗೆ ಬರುವ ಹಣ, ಅದು ಯಾವ ನೀರಿನಿಂದ, ಯಾರು ಕೊಳ್ಳುವವರು, ಯಾರ ದುಡಿಮೆ ಎಂಬುದನ್ನು ತುಂಬಿರಿ. ಆಮೇಲೆ "ಬೋರು ಬತ್ತಿತು" ಎಂದುಕೊಂಡು ಹೊಡೆದುಹಾಕಬೇಕಾದ ಸಾಲುಗಳನ್ನು ಹೊಡೆದುಹಾಕಿರಿ. ಇನ್ನೊಂದು ಪ್ರತಿಯಲ್ಲಿ "ಅಡಿಕೆ ಧಾರಣೆ ಅರ್ಧವಾಯಿತು" ಎಂದು, ಮೂರನೆಯದರಲ್ಲಿ "ಮಳೆ ಎರಡು ತಿಂಗಳು ಬಿಡಲಿಲ್ಲ" ಎಂದು ಹಾಗೆಯೇ ಮಾಡಿರಿ. ಮೂರು ಹಾಳೆಗಳಲ್ಲಿಯೂ ಉಳಿಯುವ ಸಾಲು ಯಾವುದೆಂದು ಮನೆಯ ಹೆಂಗಸರನ್ನೂ ಕೂಡಿಸಿಕೊಂಡು ನೋಡಿರಿ. ಹಾಲಿನ ಲೆಕ್ಕ ಬಲ್ಲವರು ಹೆಚ್ಚಾಗಿ ಅವರೇ. ಹೊಸದಾಗಿ ಅಡಿಕೆ ಹಚ್ಚಲು ಸಾಲದ ಅರ್ಜಿ ಹಾಕುವವರು ಹಚ್ಚುವ ಮುನ್ನವೇ ಇದನ್ನು ಮಾಡುವುದು ಲೇಸು, ಏಕೆಂದರೆ ಸಸಿ ನೆಟ್ಟ ಮೇಲೆ ಐದು ವರ್ಷ ಸಾಲು ಬದಲಿಸಲು ಬರುವುದಿಲ್ಲ.